ಯಶೋದಕ್ಕನ ಸೊಪ್ಪು

ಹಣಕೋಣದ ನಮ್ಮ ಮನೆಯ ಹಿಂದಿದ್ದ ಬಸಳೆ ಚಪ್ಪರ ಕಿತ್ತು ನಾನು ಕ್ಯಾಬರ್ನೆ ಸಾವಿನ್ಯೊನ್ ನೆಟ್ಟೆ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ನಾಸಿಕದ ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿದವನು ನಾನು, ಆ ಹೆಸರಿಗೆ ನನ್ನ ನಾಲಿಗೆ ತಡವರಿಸುವುದಿಲ್ಲ. ಜಗತ್ತಿನಲ್ಲಿ ಇದರಷ್ಟು ನೆಟ್ಟ ವೈನ್ ದ್ರಾಕ್ಷಿ ಇನ್ನೊಂದಿಲ್ಲ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಈಗ ಚಿಲಿಯಲ್ಲಿದೆ, ಆಸ್ಟ್ರೇಲಿಯಾದಲ್ಲಿದೆ, ಚೀನಾದವರೂ ಬಿಟ್ಟಿಲ್ಲ. ಅಷ್ಟು ದೂರ ಹೋದ ಬಳ್ಳಿಗೆ ಕಾರವಾರ ತಾಲೂಕು ಒಂದೇ ಬೇಡವಾಯಿತೇ? ನಮಗೇನು ಕಜ್ಜಿಯೇ?

ಹೀಗೆ ಕೇಳಿದಾಗ ಹೆಚ್ಚು ಹಲ್ಲು ಕಿಸಿದವನು ಅಕ್ಕ ಭಾರತಿಯ ಗಂಡ ತುಳಸಿದಾಸ. ಅಂಕೋಲೆಯಲ್ಲಿ ಅವನದು ಸಿಮೆಂಟ್ ಅಂಗಡಿ.

"ಸುಗ್ಗಿ ಒಳಗೆ ಒಂದೇ ಒಂದು ಗೊಂಚಲು ತೋರ್ಸು ಸುಜಯಾ, ನಾ ಬಾಯಿ ಮುಚ್ಕಂತೆ. ಇಲ್ಲಾಂದ್ರೆ ಸುಮ್ನೆ ಬಂದು ನನ್ನ ಅಂಗಡೀಲಿ ಕೂರೂದು."

ಆಗಲಿ ಎಂದೆ. ಬಾಯಿಂದ ಮಾತು ಹೋದ ಮೇಲೆ ಭಯವಾಯಿತು. ಅವನ ಕೈಕೆಳಗೆ ಸಿಮೆಂಟ್ ಧೂಳು ಕುಡಿಯುವುದಕ್ಕಿಂತ ಕಾಳಿ ನದಿಯೇ ವಾಸಿ.

ವೈನ್ ದ್ರಾಕ್ಷಿಯನ್ನು ಉಪವಾಸ ಕೆಡವಬೇಕು. ಹೊಟ್ಟೆ ತುಂಬಿದರೆ ಬಳ್ಳಿ ಎಲೆ ಬಿಟ್ಟುಕೊಂಡು ಮಜಾ ಮಾಡುತ್ತದೆ, ಹಸಿದರೆ ಮಾತ್ರ ಹಣ್ಣಿನ ಯೋಚನೆ. ಇದನ್ನು ಆಯಿಗೆ, ಊರಿಗೆಲ್ಲ ಯಶೋದಕ್ಕನಾದ ನನ್ನ ತಾಯಿಗೆ, ಬಿಡಿಸಿ ಹೇಳಿದೆ.

"ಮನೆ ಬಾಗ್ಲಲ್ಲಿರೂ ಜೀವವನ್ನು ಹಸಿವಿನಲ್ಲಿ ಇಡೂಕಾಗ್ತದೇನೋ ತಮಾ?"

"ಇಡಬೇಕು."

"ನಿಂಗೂ ಊಟ ಹಾಕ್ದೆ ಇಟ್ಟಿದ್ರೆ ಏನಾದ್ರೂ ಬಿಡ್ತಿದ್ಯೇನೋ."

ಚಳಿಗಾಲ ಮುಗಿಯುವಷ್ಟರಲ್ಲಿ ಬಳ್ಳಿ ಬಚ್ಚಲ ಮಾಡು ಹತ್ತಿತು. ಎಲೆ ಒಂದೊಂದೂ ಊಟದ ತಟ್ಟೆಯಷ್ಟು. ಗೊಂಚಲು ಮಾತ್ರ ಇಲ್ಲ. ಬುಡ ಕೆದಕಿ ನೋಡಿದೆ. ಮಣ್ಣಿನ ತುಂಬ ಮೀನಿನ ಹುರುಪೆ ಮಿನುಗುತ್ತಿತ್ತು.

"ಆಯೀ, ಮೀನು ತೊಳೆದ ನೀರು ಇಲ್ಲಿಗೆ ಹಾಕ್ತ್ಯಾ?"

"ಬಸಳೆಗೆ ಹಾಕ್ತಿದ್ದೆ. ಬಸಳೆ ಕಿತ್ತವ ನೀನು. ನಾ ಎಲ್ಲಿ ಚೆಲ್ಲೂದು, ನಿನ್ನ ತಲೆ ಮೇಲಾ?"

ಸುಗ್ಗಿ ಹಬ್ಬದ ದಿನ ಅಕ್ಕ ಭಾವ ಬಂದರು. ಭಾವ ಚಪ್ಪರದ ಕೆಳಗೆ ಕತ್ತು ಎತ್ತಿ, ಕಳೆದ ವಸ್ತು ಹುಡುಕುವವನಂತೆ ಮೂಲೆ ಮೂಲೆ ನೋಡಿದ. ಒಂದು ಎಲೆ ಎತ್ತಿ ಅದರ ಹಿಂದೆಯೂ ಇಣುಕಿದ. ಅದಕ್ಕೇ ನನಗೆ ರಕ್ತ ಕುದಿಯಿತು. ಕತ್ತಿ ತೆಗೆದುಕೊಂಡು ಬುಡಕ್ಕೇ ಹೋದೆ.

"ನಿಲ್ಲೋ," ಎಂದಳು ಆಯಿ. "ಎಲೆ ಕೊಯ್ಕಂತೆ."

ಬಂಗಡೆಗೆ ಮಸಾಲೆ ಬಳಿದು, ಆ ಎಲೆಯಲ್ಲಿ ಸುತ್ತಿ, ಕಾವಲಿಯ ಮೇಲೆ ಬೇಯಿಸಿ ಬಡಿಸಿದಳು. ಎಲೆಯೇ ಹುಳಿ, ಮುರುಗಲ ಬೇಕಾಗಲಿಲ್ಲ. ಭಾವ ಒಂದು ತಿಂದ. ಇನ್ನೊಂದು ತಿಂದ. ಆಮೇಲೆ ನನ್ನ ಬಾಳೆಲೆಯಿಂದಲೂ ಒಂದು ಎತ್ತಿಕೊಂಡ. ಹೋಗುವಾಗ ಅಕ್ಕ ನನ್ನನ್ನು ಕೇಳದೆಯೇ ನೆಡಲೆಂದು ಬಳ್ಳಿಯ ಕಡ್ಡಿ ಮುರಿದುಕೊಂಡಳು. ಅದನ್ನು ಬೇಲಿಯಿಂದ ನೋಡಿದ ಪಕ್ಕದ ಮನೆಯ ರುಕ್ಮಿಣಿಯೂ ಬಂದಳು. ರುಕ್ಮಿಣಿಯ ತವರೂರು ಕಿನ್ನರ, ಬಳ್ಳಿ ಅಲ್ಲಿಗೂ ಹೋಯಿತು.

ಈಗ ನಮ್ಮ ಕಡೆ ಚಪ್ಪರ ಚಪ್ಪರಕ್ಕೂ ಅದೇ. ಒಬ್ಬರ ಮನೆಯಲ್ಲೂ ಒಂದು ದ್ರಾಕ್ಷಿ ಇಲ್ಲ. ಕ್ಯಾಬರ್ನೆ ಎಂದರೆ ಯಾರಿಗೂ ಗೊತ್ತಿಲ್ಲ, ಯಶೋದಕ್ಕನ ಸೊಪ್ಪು ಎನ್ನಬೇಕು.

ನಾನು ಅಂಕೋಲೆಯಲ್ಲಿ ಸಿಮೆಂಟ್ ಮಾರುತ್ತಿದ್ದೇನೆ. ಅಂಗಡಿಯ ಎದುರು ನಾನೂ ಒಂದು ಬಳ್ಳಿ ಹಬ್ಬಿಸಿದ್ದೇನೆ. ಕಟ್ಟುನಿಟ್ಟಾಗಿ ಉಪವಾಸ ಕೆಡವಿದ್ದೇನೆ, ಒಂದು ಲೋಟ ನೀರೂ ಹೆಚ್ಚಿಗೆ ಹಾಕುವುದಿಲ್ಲ. ಆದರೂ ಅದು ದಿನಾ ದಪ್ಪಗಾಗುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಬುಡ ಒದ್ದೆ ಇರುತ್ತದೆ, ಬಂಗಡೆಯ ವಾಸನೆ ಹೊಡೆಯುತ್ತದೆ. ಕೇಳಿದರೆ ಭಾವ ಸಿಮೆಂಟ್ ಚೀಲ ಎಣಿಸತೊಡಗುತ್ತಾನೆ.