ಎಡಗಡೆಯ ಸಾಲು

ಸೀರೆಯ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಾರೆ ಅತ್ತೆ, ಮಡಿಸೀರೆ, ಹಿತ್ತಲಲ್ಲಿ ಬಲಗಡೆಯ ಪುಂಡಿ ಕುಂಡಗಳ ಹತ್ತಿರ ಬಂದರೆ ಸಾಕು ಓರೆಯಾಗುತ್ತಾರೆ, ಯಾಕೆ — ಓ, ಎಲುಬಿನ ಪುಡಿ! ಇವರೇ ಹೇಳಿದ್ದಲ್ಲವೇ, ಅವ್ವಾ, ಬಲಗಡಿ ಸಾಲಿಗೆ ಎಲುಬಿನ ಪುಡಿ ಗೊಬ್ಬರ ಹಾಕೀನಿ, ಮಡಿಯಾಗ ಮುಟ್ಟಬ್ಯಾಡ, ತಾಯಿಯ ಮಡಿ ಕೆಡಿಸಬಾರದೆಂಬ ಸತ್ಯವಂತ, ನನ್ನ ಗಂಡ, ಮನಸ್ಸಿನಲ್ಲಾದರೂ ಹೆಸರು ಹೇಳುತ್ತೇನೆ, ಬಿಂದುಮಾಧವ — ರಾಮರಾಮಾ, ನಾ ಯಾಕ ಮುಟ್ಟಲೆಪ್ಪಾ, ಅಂದಿದ್ದರು ಅತ್ತೆ. ಇಂದೂ, ಇನ್ನಷ್ಟು ಹಾಕು ಪುಂಡಿಪಲ್ಯ, ತಾಟು ಮುಂದೆ ಸರಿಸುತ್ತಾರೆ ಇವರು, ಹಾಕುತ್ತೇನೆ, ಹಾಕುತ್ತಲೇ ನೋಡುತ್ತೇನೆ, ಅಡುಗೆಮನೆಯ ಬಾಗಿಲಾಚೆ ಅತ್ತೆ ಬಗ್ಗಿ ಪುಡಿ ಹಾಕದ ಎಡಗಡೆಯ ಸಾಲಿನಿಂದ ಎಲೆ ಚಿವುಟುತ್ತಿದ್ದಾರೆ, ಒಂದು, ಎರಡು, ಹಿಡಿ ತುಂಬ — ಅಯ್ಯೋ ದೇವರೇ, ಸಂತೆಯಿಂದ ತಂದದ್ದು ಅಂದುಕೊಂಡಿದ್ದೆನಲ್ಲ, ಎರಡು ತಿಂಗಳಿಂದ ನಾವು ಉಣ್ಣುತ್ತಿರುವುದು ಇದನ್ನೇ! ಒಂದ ಬೀಜ, ಒಂದ ಮಣ್ಣು, ಅಳೆದು ಹಾಕಿದ ನೀರು, ಫರಕು ಅಂದ್ರ ಪುಡಿ ಅಷ್ಟ, ಇವತ್ತು ಕಾಲೇಜಿನ ಸಾಹೇಬನ ಮುಂದೆ ಓದಬೇಕಾದ ವರದಿಯನ್ನು ಇವರು ಉಣ್ಣುತ್ತಲೇ ಬಾಯಿಪಾಠ ಮಾಡುತ್ತಿದ್ದಾರೆ, ಬಲಗಡೀದು ಸೊಂಟದ ತನಕ, ಎಡಗಡೀದು ಗೇಣುದ್ದ, ಸಾಹೇಬ ಇವತ್ತ ಮೆಚ್ಚಿದಾ ಅಂದ್ರ ಕಾಲೇಜಿನ್ಯಾಗ ನನ್ನ ನೌಕರಿ ಕಾಯಂ. ಗೇಣುದ್ದ ಇರದೆ ಇನ್ನೇನು, ದಿನಾ ಚಿವುಟಿದರೆ, ಅಳತೆಪಟ್ಟಿ ಬಿಟ್ಟು ಗಿಡ ನೋಡಿದ್ದರಲ್ಲವೇ ಚಿವುಟಿದ ತುದಿ ಕಾಣುವುದು — ನಗು ಬರುತ್ತಿದೆ, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ, ಸುಮ್ಮನಿದ್ದುಬಿಡಲೇ, ಪಾಪ, ಬೆಳಿಗ್ಗೆ ತಾವೇ ರುಮಾಲಿಗೆ ಇಸ್ತ್ರಿ ಮಾಡಿಕೊಂಡಿದ್ದಾರೆ, ನೌಕರಿ ಕಾಯಂ ಆದರೆ ಕಾಲೇಜಿನ ಹತ್ತಿರ, ಭಾಂಬುರ್ಡೆಯಲ್ಲೇ, ಗಾಳಿ ಬರುವ ಮನೆ, ಆದರೆ ಇವರ ಮಾತು ನಂಬಿ ಯಾವನೋ ರೈತ ದುಡ್ಡು ಕೊಟ್ಟು ಆ ಪುಡಿ ಹೊತ್ತುಕೊಂಡು ಹೋಗುತ್ತಾನೆ, ಮೇಲಾಗಿ ಸಾಹೇಬ ಒಂದು ದಿನ ಹಿತ್ತಲಿಗೇ ಬಂದು ನಿಂತರೆ, ಅತ್ತೆ ಅವನಿಗೂ ನಿಜವನ್ನೇ ಹೇಳುತ್ತಾರೆ, ತಾಯಿಯೂ ಮಗನಷ್ಟೇ ಸತ್ಯವಂತೆ. ಹೇಳಿಬಿಟ್ಟೆ. ಏನ್ರಿ, ನಿಮ್ಮ ಎಡಗಡಿ ಸಾಲು ಇಲ್ಲೇ ಅದರಿ, ನಿಮ್ಮ ತಾಟಿನ್ಯಾಗ. ಏನಂದಿ? ತುತ್ತು ಬಾಯಿಯ ಹತ್ತಿರ ನಿಂತಿದೆ, ನನ್ನ ಕಣ್ಣು ಹೋದ ಕಡೆ ಅವರ ಕಣ್ಣೂ ಹೋಯಿತು, ಮುಖ ಸಣ್ಣದಾಯಿತು, ಆಮೇಲೆ ಆ ಹೆಗಲು ಅಲುಗಿತು, ನಗುತ್ತಿದ್ದಾರೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ, ಇವತ್ತ ಓದೂದಿಲ್ಲ ತಗೋ, ಮತ್ತ ಬಿತ್ತೂಣು, ಪಲ್ಯ ಮಾತ್ರ ಭಾಳ ಛಲೋ ಆಗ್ಯದ — ಹಿತ್ತಲಲ್ಲಿ ಅತ್ತೆ, ಹಿಡಿ ತುಂಬ ಎಲೆ, ಬಲಗಡೆಯ ಸಾಲಿನ ಹತ್ತಿರ ಬಂದರು, ಓರೆಯಾದರು, ಎರಡು ಬೆರಳು, ಎತ್ತಿದ ಅಂಚು.