ಮೂರನೇ ಶೆಡ್ಡಿನ ಗಾಳಿ

“ಬೆಲ್ಟ್ ಕೆಟ್ಟದ್ದ್ ನಾನ್ ನಿನ್ ಹತ್ರ ಹೇಳಿದ್ದ್ ವೇದಾ, ನಿನ್ ಆಫೀಸಿಗಲ್ಲ,” ಎಂದಳು ರಾಜೀವಿ. ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿದ್ದ ವೇದವತಿಯ ಅಡುಗೆಮನೆಯಲ್ಲಿ ಅವಳ ಮುಂದಿದ್ದ ಚಹಾ ಕೆನೆಗಟ್ಟಿತ್ತು.

ವೇದವತಿ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ದೊಡ್ಡ ಕೋಳಿ ಫಾರಮ್ಮುಗಳು ವರ್ಷಕ್ಕೆ ಎಷ್ಟು ಅಮೋನಿಯಾ ಗಾಳಿಗೆ ಬಿಟ್ಟವೆಂದು ಲೆಕ್ಕ ಹಾಕಿ ಸರ್ಕಾರಕ್ಕೆ ವರದಿ ಕೊಡುವುದು ಅವಳ ಕೆಲಸ. ಲಂಡನ್ನಿನ ಅಂಚಿನಲ್ಲಿ ರಾಜೀವಿ ಮತ್ತು ಅವಳ ಗಂಡ ಕರುಣಾಕರ ನಡೆಸುವ ಮೊಟ್ಟೆ ಫಾರಮ್ಮಿನ ವರದಿಯೂ ಅವಳ ಪಾಲಿಗೇ ಬಂದಿತ್ತು. ಹಿಕ್ಕೆಯನ್ನು ಕೋಳಿಗೂಡುಗಳ ಕೆಳಗೆ ಓಡುವ ಬೆಲ್ಟು ಆಗಾಗ ಹೊರಗೆ ಸಾಗಿಸುತ್ತಿದ್ದರೆ ಅಮೋನಿಯಾ ಕಡಿಮೆ. ಅಲ್ಲೇ ಬಿದ್ದು ಕೊಳೆತರೆ ಹಲವು ಪಟ್ಟು ಹೆಚ್ಚು. ಮೂರನೇ ಶೆಡ್ಡಿನ ಬೆಲ್ಟು ಹೋದ ಬೇಸಿಗೆಯಿಡೀ ಕೆಟ್ಟು ನಿಂತಿತ್ತು. ದೀಪಾವಳಿಯ ಊಟಕ್ಕೆ ವೇದವತಿಯನ್ನು ಕರೆದಾಗ ರಾಜೀವಿಯೇ ಅದನ್ನು ನೀರ್ದೋಸೆ ಬಡಿಸುತ್ತ ಹೇಳಿಕೊಂಡಿದ್ದಳು.

ಉಂಡ ಮನೆಯ ಜಂತೆ ಎಣಿಸಬಾರದೆನ್ನುತ್ತಾರೆ. ವೇದವತಿ ಉಂಡದ್ದೋ ಒಂದೆರಡು ದಿನವಲ್ಲ. ಮಗಳು ಪ್ರಾಚಿ ಹುಟ್ಟಿದಾಗ ಮೈಸೂರಿನಲ್ಲಿದ್ದ ಅಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದವಳು ಈ ರಾಜೀವಿ. ಆಗ ದೂರದ ಫೆಲ್ಥಮ್ಮಿನಲ್ಲಿದ್ದಳು. ಬಸ್ಸು ಬದಲಿಸಿ ಬಂದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಆ ಋಣ ತೀರುವಂಥದ್ದಲ್ಲ. ವರದಿಯನ್ನು ಸಹೋದ್ಯೋಗಿಗೆ ದಾಟಿಸಿಬಿಡೋಣ ಎಂದೂ ವೇದವತಿ ಯೋಚಿಸಿದ್ದಳು. ಆದರೆ ಆತ ಬೆಲ್ಟಿನ ಸುದ್ದಿ ತಿಳಿಯದೆ ಕಡಿಮೆ ಅಂಕಿ ಬರೆಯುತ್ತಾನೆ, ತಾನು ತಿಳಿದೂ ಸುಮ್ಮನಿರಬೇಕು.

“ನೀನ್ ಹೆಚ್ಚ್ ಬರದ್ರೆ ಹೊಸ ಶೆಡ್ಡಿಗೆ ಪರ್ಮಿಟ್ ಸಿಕ್ಕುದಿಲ್ಲ,” ಎಂದಳು ರಾಜೀವಿ. “ಇವ್ರ್ ಇದ್ದದ್ದೆಲ್ಲ ಅದ್ರ ಮೇಲೇ ಹಾಕಿದ್ರ್. ಹಿಂದಿನ್ ವರ್ಷದ್ ಲೆಕ್ಕವೇ ಬರಿ. ಯಾರ್ ಬಂದ್ ಕಾಂತ್ರ್?”

“ಫಾರಮ್ ಹಿಂದಿನ ಮನೆಗಳಿಗೆ ಹೋಗಿದ್ದೆ ರಾಜೀವಿ. ವಾಸನೆಗೆ ಬೇಸಿಗೇಲೂ ಕಿಟಕಿ ತೆಗೆಯೋಕಾಗಲಿಲ್ಲ ಅಂದ್ರು. ಒಬ್ಬಾಕೆ ಮಗು ತೊಟ್ಟಿಲನ್ನ ಬಾತ್‌ರೂಮಿನ ಪಕ್ಕ, ಕಿಟಕಿನೇ ಇಲ್ಲದ ಕಡೆ ಇಟ್ಕೊಂಡಿದ್ಲು.”

“ನಿನ್ ಮಗುವಿನ್ ತೊಟ್ಲ್ ತೂಗಿದ್ದ್ ಯಾರ್?”

ವೇದವತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. “ನೀನೇ. ಬೆಲ್ಟಿನ ವಿಷಯ ಕೇಳದೇ ಇದ್ದಿದ್ರೆ ಹಿಂದಿನ ಲೆಕ್ಕಾನೇ ಬರೀತಿದ್ದೆ. ಈಗ ಕೇಳಿಬಿಟ್ಟಿದ್ದೀನಲ್ಲ.”

ಬೆನ್ನ ಹಿಂದೆ ಮಾಡುವುದು ಬೇಡವೆಂದು ಅವಳು ರಾಜೀವಿಯ ಎದುರಿಗೇ ಹೊಸ ಅಂಕಿ ತುಂಬಿ, ಕಳುಹಿಸುವ ಗುಂಡಿ ಒತ್ತಿದಳು. ರಾಜೀವಿ ಪರದೆಯನ್ನು ನೋಡಲಿಲ್ಲ. ಎದ್ದು ಕೋಟು ಹಾಕಿಕೊಂಡಳು.

“ಸ್ಟೇಷನ್‌ವರೆಗೆ ಬಿಡ್ತೀನಿ ಇರು.” ವೇದವತಿ ಕಾರಿನ ಕೀಲಿ ತೆಗೆದುಕೊಂಡಳು.

“ಬ್ಯಾಡ. ನಡ್ಕಂಡ್ ಹೋತೆ.”

ಪ್ರಾಚಿ ಮೆಟ್ಟಿಲಿಳಿದು ಬಂದಾಗ ಮುಂಬಾಗಿಲು ತೆರೆದೇ ಇತ್ತು. “ಆಂಟಿ ಡಿಡಂಟ್ ಸೇ ಬೈ,” ಎಂದಳು.

ರಸ್ತೆಯ ಏರಿನಲ್ಲಿ ರಾಜೀವಿ ಯಾರದೋ ಗೇಟು ಹಿಡಿದು, ಮಂಡಿ ನೀವಿಕೊಳ್ಳುತ್ತ ನಿಂತಿದ್ದಳು. ವೇದವತಿ ಕೀಲಿ ಹಿಡಿದು ಹೊಸ್ತಿಲ ಹೊರಗೆ ಒಂದು ಹೆಜ್ಜೆ ಇಟ್ಟಳು. ರಾಜೀವಿ ಕಾಲರ್ ಏರಿಸಿಕೊಂಡು, ತಿರುಗದೆ, ಮತ್ತೆ ನಡೆಯತೊಡಗಿದಳು.