ಗನ್ನಿನ ಮುಖಕ್ಕಿಟ್ಟ ಬೊಟ್ಟು

"ಇನ್ನೊಂದ್ಸಲ ಒತ್ತು," ಅಂದರು ಷಣ್ಮುಖಪ್ಪ.

ಶೀಲಾ ಒತ್ತಿದಳು. ಸೋಪಿನ ಮೇಲಿನ ಕಪ್ಪು ಗೆರೆಗಳಿಗೆ ಸ್ಕ್ಯಾನರ್ ಗನ್ನನ್ನು ಹತ್ತಿರ ಹಿಡಿದು ಒತ್ತಿದಳು, ದೂರ ಹಿಡಿದು ಒತ್ತಿದಳು, ಸೋಪನ್ನೇ ತಿರುಗಿಸಿ ಒತ್ತಿದಳು. ಮೊನ್ನೆಯವರೆಗೆ ಕಲಿಯುವಾಗ ಗೆರೆ ಕಂಡರೆ ಸಾಕು, ಕೀಂ ಅನ್ನುತ್ತಿದ್ದ ಗನ್ನು ಇವತ್ತು ಬಾಯಿ ಬಿಡಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಬಿಲ್ಲು ಖಾಲಿ. ಎದುರಿಗೆ ಏಳೆಂಟು ಜನ ಬುಟ್ಟಿ ಹಿಡಿದು ನಿಂತಿದ್ದರು.

ಕೈಕೊಡುವುದಕ್ಕೆ ಇದಕ್ಕೆ ಬೇರೆ ದಿನವೇ ಸಿಗಲಿಲ್ಲವೇ! ವಿಜಯದಶಮಿ, ಹೊಸದಕ್ಕೆ ಒಳ್ಳೆಯ ದಿನ ಅಂತ ಷಣ್ಮುಖಪ್ಪ ದುರ್ಗಿಗುಡಿಯ ತಮ್ಮ ಕಿರಾಣಿ ಅಂಗಡಿಯ ಬಿಲ್ ಪುಸ್ತಕಗಳನ್ನು ಇವತ್ತೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಇನ್ನು ಬಿಲ್ಲೆಲ್ಲ ಕಂಪ್ಯೂಟರಿನಲ್ಲೇ. ಬೆಳಿಗ್ಗೆ ಶೀಲಾ ಭದ್ರಾವತಿ ಬಸ್ಸಿಳಿದು ಬಂದಾಗ ಬಾಗಿಲಲ್ಲೇ ಹೇಳಿಬಿಟ್ಟಿದ್ದರು: "ನೋಡಮ್ಮ, ಇವತ್ತೊಂದು ದಿನ ನೋಡ್ತೀನಿ. ನಿನ್ನ ಕೈಲಾಗ್ಲಿಲ್ಲ ಅಂದ್ರೆ ನಾಳೆಯಿಂದ ಕೌಂಟರಿಗೆ ಸೌಂದರ್ಯ ಬರ್ತಾಳೆ, ಕಂಪ್ಯೂಟರ್ ಕಲ್ತಿರೋ ಹುಡುಗಿ. ನೀನು ಗೋಡೌನಿಗೆ ಹೋಗು. ಊಟದ ಚೀಲ ಈಗ್ಲೇ ಅಲ್ಲಿಟ್ಟುಬಿಡು."

ಗೋಡೌನು ಅಂದರೆ ಒಣಮೆಣಸಿನಕಾಯಿ. ಆರು ವರ್ಷ ಅಲ್ಲಿ ಕೂತು ಖಾರದಪುಡಿ ತುಂಬಿ ಶೀಲಾಳ ಎದೆ ಕಟ್ಟಿಹೋಗಿತ್ತು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೌಂಟರಿಗೆ ಬಂದ ಮೇಲೆ ಸರಿಹೋಯಿತು. "ಮತ್ತೆ ಆ ಘಾಟಿಗೆ ಹೋದ್ರೆ ನನ್ನ ಹತ್ರ ಬರ್ಲೇಬೇಡಮ್ಮ," ಅಂದಿದ್ದರು ಡಾಕ್ಟರು. ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹಾಗೂ ಇರಲಿಲ್ಲ. ಸೌಂದರ್ಯ ಅಲ್ಲ, ಅವಳಜ್ಜಿ ಬಂದರೂ ಈ ಕುರ್ಚಿ ಬಿಡುವುದಿಲ್ಲ ಅಂತ ಶೀಲಾ ಹಟ ಹಿಡಿದಿದ್ದಳು.

ಮಷೀನು ಕೂರಿಸಿಕೊಟ್ಟಿದ್ದ ಪರಮೇಶ್‌ಗೆ ಷಣ್ಮುಖಪ್ಪ ಫೋನ್ ಮಾಡಿದರು. ಅವನು ಸಾಗರದಲ್ಲಿದ್ದನಂತೆ, ಸಾಯಂಕಾಲ ಬರುತ್ತಾನಂತೆ.

"ಸಾಯಂಕಾಲ ಬಂದು ಇವನೇನು ಆರತಿ ಎತ್ತುತ್ತಾನಾ? ಬಿಡು, ಪುಸ್ತಕ ತೆಗೀತೀನಿ," ಅಂತ ಅವರು ಸೊಂಟದ ಬೀಗದಕೈಗೆ ಕೈಹಾಕಿದರು.

"ಬೇಡ ಯಜಮಾನ್ರೇ, ತಡೀರಿ!"

ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಶೀಲಾಳಿಗೇ ಗಾಬರಿಯಾಯಿತು. ಆದರೆ ಪುಸ್ತಕ ಹೊರಗೆ ಬಂತೋ, ತಾನು ಗೋಡೌನಿನ ಒಳಗೆ. ಅದು ಖಂಡಿತ.

ಮೂರು ವಾರದ ಹಿಂದೆ ಪರಮೇಶ್ ಹೇಳಿದ್ದ ಒಂದು ಮಾತನ್ನು ಅವಳು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದ್ದಳು. "ಅಕ್ಕ, ಈ ಗನ್ನಿಗೆ ರೇಟೂ ಗೊತ್ತಿಲ್ಲ, ಸಾಮಾನಿನ ಹೆಸರೂ ಗೊತ್ತಿಲ್ಲ. ಗೆರೆ ಓದಿ, ಅದರ ಕೆಳಗಿರೋ ನಂಬರನ್ನ ಟೈಪ್ ಮಾಡುತ್ತೆ, ಆಮೇಲೆ ಎಂಟರ್ ಒತ್ತುತ್ತೆ. ಇನ್ನೊಂದು ಕೀಬೋರ್ಡ್ ಇದ್ದ ಹಂಗೆ, ಅಷ್ಟೇ. ರೇಟೆಲ್ಲ ಇರೋದು ಕಂಪ್ಯೂಟರಿನೊಳಗೆ." ಆ ಮೂರು ವಾರವೂ ಅವಳು ಬಸ್ಸಿನಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣ ಹಿಡಿದು ಅಂಕಿಗಳನ್ನು ಮೂರು ಮೂರಾಗಿ ಓದುತ್ತಿದ್ದಳು, ಕಣ್ಣು ಮುಚ್ಚಿ ಹೇಳುತ್ತಿದ್ದಳು. "ಯಾವ ಮಂತ್ರ ಮಾರಾಯ್ತಿ, ನಮಗೂ ಹೇಳ್ಕೊಡು," ಅಂತ ಪಕ್ಕದವರು ನಗಾಡುತ್ತಿದ್ದರು.

ಶೀಲಾ ಗನ್ನನ್ನು ಬದಿಗಿಟ್ಟಳು. ಬಿಲ್ಲಿನ ಮೊದಲ ಚೌಕದಲ್ಲಿ ಸಣ್ಣ ಗೆರೆ ಮಿಣಮಿಣ ಅನ್ನುತ್ತಿದೆಯೇ ಎಂದು ನೋಡಿಕೊಂಡಳು. ಅಂಕಿ ಬೀಳಬೇಕಾದದ್ದು ಅಲ್ಲೇ. ಸೋಪು ಎತ್ತಿ ಹದಿಮೂರು ಅಂಕಿಗಳನ್ನು ಒಂದೊಂದಾಗಿ ಒತ್ತಿ ಎಂಟರ್ ಕೊಟ್ಟಳು. ಸೋಪಿನ ಹೆಸರು, ರೇಟು ಎರಡೂ ಟಣ್ಣನೆ ಬಂದು ಕೂತವು.

"ಅರೆ!" ಅಂದರು ಷಣ್ಮುಖಪ್ಪ. ಬೀಗದಕೈ ಸೊಂಟದಲ್ಲೇ ಉಳಿಯಿತು.

ಅಡುಗೆ ಎಣ್ಣೆ, ಶಾವಿಗೆ, ಟೀಪುಡಿ. ಒಂದು ಅಂಕಿ ತಪ್ಪಿದರೆ ಕಂಪ್ಯೂಟರು ಅಂಥ ಸಾಮಾನೇ ಇಲ್ಲ ಅನ್ನುತ್ತಿತ್ತು. ಅಳಿಸಿ ಮತ್ತೆ ಒತ್ತುತ್ತಿದ್ದಳು. ಐದನೆಯವರ ಸರದಿ ಬರುವಷ್ಟರಲ್ಲಿ ಬೆನ್ನೆಲ್ಲ ಬೆವರು. ಆರನೆಯವರು ಗೋವಿಂದಯ್ಯ, ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು.

"ಏನಮ್ಮಾ, ಸಂಜೆ ಬನ್ನಿ ಮುಡಿಯೋ ಹೊತ್ತಿಗಾದ್ರೂ ನನ್ನ ಬಿಲ್ಲು ಆಗುತ್ತೋ?"

"ಆಗುತ್ತೆ ಮೇಷ್ಟ್ರೇ. ನಿಮ್ಮ ಶಿಷ್ಯರಿಗಿಂತ ಬೇಗ ಬರೀತಿದ್ದೀನಿ."

ಜನ ನಕ್ಕರು. ಆ ನಗುವಿನಲ್ಲಿ ಶೀಲಾಳಿಗೂ ಒಂದು ಉಸಿರು ಸಿಕ್ಕಿತು. ಗನ್ನನ್ನು ಮತ್ತೆ ಎತ್ತಿ, ಅಂಗೈಗೆ ಹಿಡಿದು ಒತ್ತಿ ನೋಡಿದಳು. ಒತ್ತಿದರೆ ಅಂಗೈ ಮೇಲೆ ಕೆಂಪು ಬೆಳಕಿನ ಗೆರೆ ಬೀಳಬೇಕಿತ್ತು. ಬೀಳಲಿಲ್ಲ. ಗನ್ನನ್ನು ತನ್ನ ಕಡೆ ತಿರುಗಿಸಿದಳು. ತಿರುಗಿಸಿದವಳ ಮುಖ ಇಳಿದುಹೋಯಿತು.

ನಿನ್ನೆ ಆಯುಧಪೂಜೆ. ತಕ್ಕಡಿ, ಚಾಕು, ಶಟರು, ಕಂಪ್ಯೂಟರು, ಯಾವುದನ್ನೂ ಬಿಡದೆ ಗಂಧ ಕುಂಕುಮ ಹಚ್ಚಿದ್ದು ಅವಳೇ. ಗನ್ನಿಗಂತೂ ಇನ್ನಷ್ಟು ಭಕ್ತಿಯಿಂದ ಹಚ್ಚಿದ್ದಳು, ನನ್ನ ಕೈ ಬಿಡಬೇಡಪ್ಪಾ ಅಂತ ಬೇಡಿಕೊಂಡು. ಹಚ್ಚುವುದು ಮುಖಕ್ಕೆ ತಾನೇ? ಗನ್ನಿನ ಮುಖ ಅಂದರೆ ಅದರ ಮುಂದಿನ ಗಾಜು. ಗಂಧ ಅಲ್ಲಿ ಸುಣ್ಣದ ಹಾಗೆ ಒಣಗಿ ಕೂತಿತ್ತು. ಬೊಟ್ಟು ಇರಬೇಕಾದ ಕಡೆಯೇ ಇದ್ದದ್ದರಿಂದ ಬೆಳಗಿನಿಂದ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ.

ಸೆರಗಿನ ಮರೆಯಲ್ಲಿ ಒರೆಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಒಂದು ಕ್ಷಣ ಮನಸ್ಸಾಯಿತು ಕೂಡ.

"ಯಜಮಾನ್ರೇ, ಮಷೀನು ಕೆಟ್ಟಿಲ್ಲ. ತಪ್ಪು ನಂದು. ಇದು ಗೆರೆ ನೋಡೋದು ಈ ಗಾಜಿನಿಂದ. ನಾನು ಇದರ ಕಣ್ಣಿಗೇ ಬೊಟ್ಟಿಟ್ಟಿದ್ದೀನಿ. ಒರೆಸಬೇಕು."

ಹಣೆಯ ತುಂಬ ವಿಭೂತಿ ಬಳಿದಿದ್ದ ಷಣ್ಮುಖಪ್ಪನವರ ಹುಬ್ಬು ಮೇಲೆ ಹೋಯಿತು. "ಪೂಜೆ ಮಾಡಿದ ಬೊಟ್ಟನ್ನ ಇವತ್ತೇ ಅಳಿಸ್ತೀಯೇನಮ್ಮಾ?"

"ಅಳಿಸ್ತೀನಿ. ಆಮೇಲೆ ಹಿಡಿಗೆ ಇಡ್ತೀನಿ."

"ನಿನ್ನೆ ನಮ್ಮನೆಯವ್ಳು ನನ್ನ ಸ್ಕೂಟರಿನ ಹೆಡ್‌ಲೈಟಿಗೂ ಹಿಂಗೇ ಬಳಿದಿದ್ಲು ಕಣಪ್ಪ," ಅಂದರು ಗೋವಿಂದಯ್ಯ. "ನಂಗೆ ದಾರಿ ಕಾಣದೆ ಎದುರುಮನೆ ಗೇಟಿಗೆ ಗುದ್ದಿದೆ. ಒರೆಸ್ಲಿ ಬಿಡು ಷಣ್ಮುಖ."

ಶೀಲಾ ಯಾರ ಅಪ್ಪಣೆಗೂ ಕಾಯಲಿಲ್ಲ. ಸೆರಗಿನ ತುದಿಗೆ ನೀರು ಹಚ್ಚಿ, ಗಾಜನ್ನು ಮೂರು ಸಲ ಒರೆಸಿ, ಒಣಬಟ್ಟೆಯಿಂದ ಉಜ್ಜಿದಳು. ಪೂಜೆ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು ಹಿಡಿಯ ಮೇಲೆ ಇಟ್ಟಳು. ಮೇಷ್ಟ್ರ ಬುಟ್ಟಿಯಿಂದ ಅವಲಕ್ಕಿ ಪ್ಯಾಕೆಟ್ಟು ಎತ್ತಿ ಹಿಡಿದಳು.

ಕೀಂ.

ಷಣ್ಮುಖಪ್ಪ ಅಂಗಡಿಯ ಹಿಂದಿನ ಬಾಗಿಲು ತೆಗೆದು ಗೋಡೌನಿಗೆ ಹೋದರು. ಶೀಲಾ ಆ ಬಾಗಿಲ ಕಡೆ ಒಮ್ಮೆ ನೋಡಿದಳು, ಕೈ ಮಾತ್ರ ನಡೆಯುತ್ತಲೇ ಇತ್ತು. ಕೀಂ, ಕೀಂ. ಅವರು ವಾಪಸು ಬಂದಾಗ ಕೈಯಲ್ಲಿ ಅವಳ ಊಟದ ಚೀಲ ಇತ್ತು. ಬಗ್ಗಿ ಅದನ್ನು ಅವಳ ಕುರ್ಚಿಯ ಕೆಳಗೆ ಇಟ್ಟರು.

ಚೀಲಕ್ಕೆ ಆಗಲೇ ಮೆಣಸಿನಕಾಯಿ ಘಾಟು ಹತ್ತಿತ್ತು. ಶೀಲಾ ಒಂದು ಸಲ ಜೋರಾಗಿ ಸೀನಿ, ಮುಂದಿನ ಪ್ಯಾಕೆಟ್ಟಿಗೆ ಕೈಚಾಚಿದಳು.